ಮೀನಿನ ರಕ್ಷಕ ಕೋಶಗಳು ಹೊರಗಿನ ಕಣವನ್ನು ನುಂಗುವುದನ್ನು ಕಾಲೇಜು ಲ್ಯಾಬಿನಲ್ಲೇ ನೋಡುವ ಬಗೆ: ಸಮಗ್ರ ಮಾರ್ಗದರ್ಶಿ

ಆಗಷ್ಟೇ ಕೊಯ್ದ ಒಂದು ರೋಹು ಮೀನು, ಬೇಕರಿಯ ಒಣ ಯೀಸ್ಟ್, ನಲವತ್ತರ ಲೆನ್ಸ್ ಇರುವ ಒಂದು ಸಾಧಾರಣ ಮೈಕ್ರೋಸ್ಕೋಪು. ಇಷ್ಟಿದ್ದರೆ ಮೀನಿನ ರೋಗನಿರೋಧಕ ಕೋಶವೊಂದು ಹೊರಗಿನಿಂದ ಬಂದ ಕಣವನ್ನು ಹಿಡಿದು ನುಂಗುವುದನ್ನು ಕಣ್ಣಾರೆ ನೋಡಬಹುದು. ದಾವಣಗೆರೆ, ಚಿತ್ರದುರ್ಗದ ಡಿಗ್ರಿ ಕಾಲೇಜುಗಳಲ್ಲಿ ಪ್ರಾಣಿಶಾಸ್ತ್ರ ಓದುವ ಮಕ್ಕಳು ಇದನ್ನು ಪುಸ್ತಕದ ಚಿತ್ರವಾಗಿ ಬಾಯಿಪಾಠ ಮಾಡಿ, ಐದು ಅಂಕಕ್ಕೆ ಬರೆದು ಮರೆತುಬಿಡುತ್ತಾರೆ. ಸೂಳೆಕೆರೆ, ಕೊಂಡಜ್ಜಿ ಕೆರೆ, ವಾಣಿವಿಲಾಸ ಸಾಗರದಂಥ ನೀರು ಇರುವ ಸೀಮೆಯಲ್ಲಿ ಕೂತು ಮೀನಿನ ಕೋಶವನ್ನು ಚಿತ್ರದಲ್ಲಷ್ಟೇ ನೋಡುವುದು ನನಗೆ ತೀರಾ ಬೇಸರದ ಸಂಗತಿ. ಅದಕ್ಕೇ ಈ ಬರಹ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಯೀಸ್ಟ್ ಕಣ ಕೋಶದ ಒಳಗಿದೆಯೋ, ಹೊರಗೆ ಬರೀ ಅಂಟಿಕೊಂಡಿದೆಯೋ ಎಂಬುದನ್ನು ಬೇರ್ಪಡಿಸದೆ ಎಣಿಸಿದರೆ ಆ ಲೆಕ್ಕಕ್ಕೆ ಬೆಲೆಯಿಲ್ಲ. ಕೆಳಗಿನ ಹಂತಗಳಲ್ಲಿ ಅರ್ಧಕ್ಕರ್ಧ ಶ್ರಮ ಹೋಗುವುದು ಈ ಒಂದು ಪ್ರಶ್ನೆಗೇ.

ಮೈಯೊಳಗೆ ನಡೆಯುವುದೇನು

ಮೀನಿನ ಮೊದಲ ಕಾವಲು ಲೋಳೆ. ಚರ್ಮ, ಕಿವಿರು, ಕರುಳು ಮೂರರ ಮೇಲೂ ಅದು ಹರಡಿಕೊಂಡಿರುತ್ತದೆ. ಅದರಲ್ಲಿ ಬ್ಯಾಕ್ಟೀರಿಯಾದ ಗೋಡೆ ಕರಗಿಸುವ ಲೈಸೋಜೈಮ್ ಇದೆ, ಪ್ರತಿಕಾಯಗಳಿವೆ. ಬಲೆಗೆ ಉಜ್ಜಿ ಹುರುಪೆ ಕಿತ್ತುಬಂದ ಜಾಗದಲ್ಲಿ ಈ ಕಾವಲು ಮುರಿಯುತ್ತದೆ, ಕಣಗಳು ಒಳಗೆ ಇಳಿಯುತ್ತವೆ. ಅಲ್ಲಿಂದ ಮುಂದಿನ ಕೆಲಸ ಭಕ್ಷಕ ಕೋಶಗಳದ್ದು. ಮುಖ್ಯವಾಗಿ ಮ್ಯಾಕ್ರೋಫೇಜ್ ಮತ್ತು ನ್ಯೂಟ್ರೋಫಿಲ್ ಎಂಬ ಎರಡು ಬಗೆಯ ಬಿಳಿಯ ರಕ್ತಕೋಶಗಳು.

ಈ ಕೋಶಗಳು ಹುಟ್ಟುವ ಜಾಗ ತಿಳಿದಿದ್ದರೆ ಪ್ರಯೋಗ ಸಲೀಸು. ನಮಗೆ ರಕ್ತಕಣಗಳು ಅಸ್ಥಿಮಜ್ಜೆಯಲ್ಲಿ ತಯಾರಾಗುತ್ತವೆ. ಮೀನಿನ ಮೂಳೆಯಲ್ಲಿ ಆ ಕೆಲಸ ನಡೆಯುವುದಿಲ್ಲ, ನಮ್ಮಂತೆ ದುಗ್ಧಗ್ರಂಥಿಗಳೂ ಅದಕ್ಕಿಲ್ಲ. ಮೂತ್ರಪಿಂಡದ ಮುಂಭಾಗವೇ, ಅಂದರೆ ಹೆಡ್ ಕಿಡ್ನಿಯೇ, ರಕ್ತಕಣಗಳನ್ನು ಹುಟ್ಟಿಸುತ್ತದೆ. ರಕ್ತದಲ್ಲಿ ತೇಲಿಬಂದ ಕಸವನ್ನು ಹಿಡಿಯುವುದೂ ಅದೇ. ಇದರ ಜೊತೆಗೆ ಗುಲ್ಮ, ಅಂದರೆ ಸ್ಪ್ಲೀನ್. ಅಲ್ಲಿ ಸಣ್ಣ ರಕ್ತನಾಳಗಳ ತುದಿಯಲ್ಲಿ ಎಲಿಪ್ಸಾಯ್ಡ್ ಎಂಬ ದಪ್ಪ ಗೋಡೆಯ ಭಾಗಗಳಿದ್ದು, ಹರಿದುಬಂದ ಕಣಗಳು ಅಲ್ಲಿ ಸಿಕ್ಕಿಬೀಳುತ್ತವೆ. ಸಸ್ತನಿಗಳ ಯಕೃತ್ತಿನಲ್ಲಿ ಈ ಕೆಲಸ ಮಾಡುವ ಕುಪ್ಫರ್ ಕೋಶಗಳು ಸಾಮಾನ್ಯವಾಗಿ ಮೂಳೆಮೀನುಗಳಲ್ಲಿ ಕಾಣುವುದಿಲ್ಲ. ಹಾಗಾಗಿ ಮೀನಿನ ಯಕೃತ್ತು ತಂದು ಹುಡುಕುತ್ತ ಕೂರಬೇಡಿ.

ನುಂಗುವ ಕ್ರಿಯೆ ಹೀಗೆ ನಡೆಯುತ್ತದೆ. ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿದ್ರವವಾದ ಸೀರಂನಲ್ಲಿರುವ ಕಾಂಪ್ಲಿಮೆಂಟ್ ಪ್ರೋಟೀನುಗಳು, ಅದರಲ್ಲೂ ಸಿ3 ಎಂಬುದು, ಕಣದ ಮೈಗೆ ಹತ್ತಿಕೊಂಡು ಗುರುತು ಹಾಕುತ್ತದೆ. ಭಕ್ಷಕ ಕೋಶದ ಮೇಲಿನ ಗ್ರಾಹಕಗಳು ಆ ಗುರುತನ್ನು ಹಿಡಿಯುತ್ತವೆ. ಯೀಸ್ಟಿನ ಗೋಡೆಯಲ್ಲಿರುವ ಬೀಟಾ ಗ್ಲೂಕನ್‌ನಂಥ ವಸ್ತುವನ್ನಾದರೆ ಗುರುತಿಲ್ಲದೆಯೂ ಕೋಶ ನೇರವಾಗಿ ಪತ್ತೆ ಹಚ್ಚುತ್ತದೆ. ಆಮೇಲೆ ಕೋಶದ ಅಂಚು ಮುಂದೆ ಚಾಚಿ ಕಣವನ್ನು ಸುತ್ತುವರಿಯುತ್ತದೆ, ಒಳಗೆ ಒಂದು ಗುಳ್ಳೆಯಾಗುತ್ತದೆ, ಆ ಗುಳ್ಳೆಯೊಂದಿಗೆ ಕಿಣ್ವ ತುಂಬಿದ ಲೈಸೋಸೋಮ್‌ಗಳು ಬೆರೆಯುತ್ತವೆ. ಅದೇ ಹೊತ್ತಿಗೆ ಕೋಶ ಆಮ್ಲಜನಕವನ್ನು ಸೂಪರ್‌ಆಕ್ಸೈಡ್, ಹೈಡ್ರೋಜನ್ ಪೆರಾಕ್ಸೈಡ್ ಆಗಿ ಮಾರ್ಪಡಿಸಿ ಒಳಗಿರುವುದನ್ನು ಕೊಲ್ಲುತ್ತದೆ.

ಈ ವಿದ್ಯಮಾನವನ್ನು ಜಗತ್ತಿಗೆ ಮನವರಿಕೆ ಮಾಡಿದವರು ಇಲ್ಯಾ ಮೆಚ್ನಿಕಾಫ್. 1882ರಲ್ಲಿ ಇಟಲಿಯ ಮೆಸ್ಸಿನಾದಲ್ಲಿ ನಕ್ಷತ್ರಮೀನಿನ ಪಾರದರ್ಶಕ ಮರಿಗೆ ಮುಳ್ಳು ಚುಚ್ಚಿ, ಅದರ ಸುತ್ತ ಕೋಶಗಳು ಮುತ್ತಿಕೊಂಡಿದ್ದನ್ನು ಅವರು ನೋಡಿದರು. 1908ರಲ್ಲಿ ಪಾಲ್ ಎರ್ಲಿಕ್ ಜೊತೆ ನೊಬೆಲ್ ಹಂಚಿಕೊಂಡರು. ಅಷ್ಟು ದೊಡ್ಡ ಸಂಗತಿ ಗೊತ್ತಾಗಿದ್ದು ಒಂದು ಮುಳ್ಳು, ಒಂದು ಮೈಕ್ರೋಸ್ಕೋಪಿನಿಂದ ಎಂಬುದನ್ನು ವಿದ್ಯಾರ್ಥಿಗಳಿಗೆ ಮರೆಯದೆ ಹೇಳಿ.

ಹಂತ 1: ಮುಂಚಿನ ದಿನದ ತಯಾರಿ

ಸಲೈನ್: ಮೆಡಿಕಲ್ ಅಂಗಡಿಯ ಡ್ರಿಪ್ ಬಾಟಲಿಯಲ್ಲಿರುವುದು 0.9 ಶೇಕಡಾ ಉಪ್ಪು. ಅದು ಮನುಷ್ಯರ ರಕ್ತಕ್ಕೆ ಹೊಂದುವಂಥದ್ದು. ಸಿಹಿನೀರಿನ ಮೀನಿನ ಕೋಶಕ್ಕೆ 0.65 ಶೇಕಡಾ ಸಾಕು. 72 ಮಿ.ಲೀ. ಡ್ರಿಪ್ ಸಲೈನಿಗೆ 28 ಮಿ.ಲೀ. ಡಿಸ್ಟಿಲ್ಡ್ ವಾಟರ್ ಬೆರೆಸಿದರೆ ಆಯಿತು. ಅದಕ್ಕೆ 100 ಮಿ.ಗ್ರಾಂ ಗ್ಲೂಕೋಸ್ ಹಾಕಿ. ಲ್ಯಾಬಿನಲ್ಲಿ ಫಾಸ್ಫೇಟ್ ಬಫರ್ ಇದ್ದರೆ ಪಿಎಚ್ 7.2ರಿಂದ 7.4ರೊಳಗೆ ಇಟ್ಟುಕೊಳ್ಳಿ. ಕೋಶ ಬೆಳೆಸಲು ಬಳಸುವ ಲೈಬೊವಿಟ್ಜ್ ಎಲ್-15 ಮಾಧ್ಯಮ ಸಿಕ್ಕರೆ ಇನ್ನೂ ಒಳ್ಳೆಯದು; ಅದಕ್ಕೆ ಇಂಗಾಲದ ಡೈಆಕ್ಸೈಡ್ ಇನ್‌ಕ್ಯುಬೇಟರ್ ಬೇಕಾಗುವುದಿಲ್ಲ.

ಯೀಸ್ಟ್: ಒಂದು ಗ್ರಾಂ ಒಣ ಯೀಸ್ಟನ್ನು 100 ಮಿ.ಲೀ. ಸಲೈನಿನಲ್ಲಿ ಕದಡಿ, ಕುದಿಯುವ ನೀರಿನ ಪಾತ್ರೆಯಲ್ಲಿ ಅರ್ಧ ಗಂಟೆ ಇಟ್ಟು ಸಾಯಿಸಿ. ಸೆಂಟ್ರಿಫ್ಯೂಜಿನಲ್ಲಿ ಮೂರು ಸಲ ತೊಳೆಯಿರಿ. ಕೊನೆಗೆ ಸಿರಿಂಜಿನ ಸೂಜಿಯ ಮೂಲಕ ಹತ್ತಾರು ಸಲ ಹಿಂದೆ ಮುಂದೆ ಹಾಯಿಸಿ. ಇದನ್ನು ಬಿಟ್ಟರೆ ಯೀಸ್ಟ್ ಗುಂಪುಗುಂಪಾಗಿ ಉಳಿದು ಎಣಿಕೆ ಕೆಡುತ್ತದೆ. ಕೋಶ ಎಣಿಸುವ ಗೆರೆ ಹಾಕಿದ ಗಾಜಾದ ನ್ಯೂಬಾವರ್ ಚೇಂಬರಿನಲ್ಲಿ ಎಣಿಸಿ, ಒಂದು ಮಿ.ಲೀ.ಗೆ ಸುಮಾರು ಒಂದು ಕೋಟಿ ಬರುವಂತೆ ತೆಳು ಮಾಡಿ, ಫ್ರಿಜ್ಜಿನಲ್ಲಿಡಿ.

ಯೀಸ್ಟ್ ಸತ್ತಿರಲೇಬೇಕು. ಕಾರಣ ಮುಂದೆ ಬರುತ್ತದೆ.

ಸ್ಲೈಡುಗಳನ್ನು ಸೋಪಿನಲ್ಲಿ ತೊಳೆದು, ಸ್ಪಿರಿಟ್‌ನಲ್ಲಿ ಒರೆಸಿ, ಒಣಗಿಸಿ. ಬೆರಳಿನ ಜಿಡ್ಡು ಒಂಚೂರು ಉಳಿದರೂ ಕೋಶ ಅಂಟುವುದಿಲ್ಲ. ಪ್ರತಿ ಸ್ಲೈಡಿನ ಮೇಲೆ ನೈಲ್ ಪಾಲಿಶ್‌ನಿಂದ ಒಂದೂವರೆ ಸೆಂ.ಮೀ. ಅಗಲದ ಉಂಗುರ ಬರೆದು ಆರಲು ಬಿಡಿ. ಹನಿ ಹರಿದುಹೋಗದಂತೆ ಅದು ತಡೆಯುತ್ತದೆ.

ಹಂತ 2: ಮೀನು

ಪ್ರಯೋಗಕ್ಕೆಂದೇ ಮೀನು ಕೊಲ್ಲಬೇಡಿ. ಪ್ರಾಣಿ ಛೇದನ ಕೈಬಿಡುವಂತೆ ಯುಜಿಸಿ 2014ರಲ್ಲೇ ಹೇಳಿದೆ. ನಮಗೆ ಅದರ ಅಗತ್ಯವೂ ಇಲ್ಲ. ಊಟಕ್ಕೆಂದು ಕೊಯ್ಯುವ ಮೀನಿನಲ್ಲಿ ನಮಗೆ ಬೇಕಾದ ಭಾಗ ಹೇಗೂ ಕಸಕ್ಕೆ ಹೋಗುತ್ತದೆ. ಐಸಿನಲ್ಲಿ ಗಂಟೆಗಟ್ಟಲೆ ಇದ್ದ ಮೀನು ಮಾತ್ರ ಬೇಡ, ಅದರ ಕೋಶಗಳು ಸತ್ತಿರುತ್ತವೆ. ಕಣ್ಣೆದುರಿಗೇ ಜೀವಂತ ಮೀನು ಕೊಯ್ಯುವ ಅಂಗಡಿ, ಇಲ್ಲವೇ ಕೆರೆಯಲ್ಲಿ ಬಲೆ ಎಳೆಯುವ ದಿನದ ದಂಡೆ ಸರಿಯಾದ ಜಾಗ. ರೋಹು, ಕಾಟ್ಲಾ, ಸಾಮಾನ್ಯ ಗೆಂಡೆ, ಜಿಲೇಬಿ ಯಾವುದಾದರೂ ಆದೀತು. ಅರ್ಧ ಕಿಲೋ ಮೇಲ್ಪಟ್ಟ ಮೀನಾದರೆ ಹೆಡ್ ಕಿಡ್ನಿ ಗುರುತಿಸುವುದು ಸುಲಭ.

ಮೀನಿನವರು ರೂಢಿಯಂತೆ ಕಿವಿರಿನ ಹಿಂದೆಯೇ ಕತ್ತಿ ಹಾಕಿ ತಲೆ ಬೇರೆ ಮಾಡುತ್ತಾರೆ. ಆ ಏಟು ನೇರ ಹೆಡ್ ಕಿಡ್ನಿಯ ಮೇಲೇ ಬೀಳುತ್ತದೆ. ಹಾಗಾಗಿ ಮೊದಲೇ ಹೇಳಿಬಿಡಿ: "ಅಣ್ಣ, ತಲೆ ಕಡೀಬೇಡ್ರಿ, ಹೊಟ್ಟೆ ಅಷ್ಟೇ ಸೀಳಿ ಕೊಡ್ರಿ. ಪಿತ್ತ ಒಡೀದಂಗೆ ನೋಡ್ಕಳ್ರಿ." ಪಿತ್ತದ ಮಾತು ಬಹಳ ಮುಖ್ಯ. ಪಿತ್ತರಸ ಸೋಪಿನ ಗುಣದ್ದು, ಒಂದು ಹನಿ ಚೆಲ್ಲಿದರೂ ಕೋಶದ ಪೊರೆ ಕರಗಿಸುತ್ತದೆ. ಹಸಿರು ಕಲೆ ಕಂಡ ಮೀನನ್ನು ಸಾರಿಗೆ ಬಿಟ್ಟು, ಬೇರೆಯದನ್ನು ತೆಗೆದುಕೊಳ್ಳಿ.

ಮೀನು ಕೊಯ್ದ ಕೂಡಲೇ ಹರಿಯುವ ರಕ್ತವನ್ನು ಒಂದು ಒಣ ಟ್ಯೂಬಿನಲ್ಲಿ ಹಿಡಿದುಕೊಳ್ಳಿ, ಏನೂ ಬೆರೆಸಬೇಡಿ. ಒಂದು ಗಂಟೆಯಲ್ಲಿ ಅದು ಹೆಪ್ಪುಗಟ್ಟಿ, ಮೇಲೆ ತಿಳಿಹಳದಿ ಸೀರಂ ನಿಲ್ಲುತ್ತದೆ.

ಹಂತ 3: ಹೆಡ್ ಕಿಡ್ನಿ ತೆಗೆಯುವುದು

ಕರುಳು, ಯಕೃತ್ತನ್ನು ನಾಜೂಕಾಗಿ ಪಕ್ಕಕ್ಕೆ ಸರಿಸಿ. ಗೆಂಡೆ ಜಾತಿಯ ಮೀನಿನಲ್ಲಿ ಗಾಳಿಚೀಲ ಎರಡು ಕೋಣೆಯದ್ದು, ಬೆಳ್ಳಗೆ ಹೊಳೆಯುತ್ತದೆ. ಎರಡು ಕೋಣೆಗಳ ನಡುವಿನ ಸಂದಿನಲ್ಲಿ ಕೂತ ಕಡುಗೆಂಪು ಮುದ್ದೆ ಮೂತ್ರಪಿಂಡದ ನಡುಭಾಗ. ಅದು ನಮಗೆ ಬೇಡ. ಗಾಳಿಚೀಲದ ಮುಂದಿನ ತುದಿಯಿಂದ ಕಿವಿರಿನ ಗೂಡಿನ ಹಿಂಗೋಡೆಯವರೆಗೆ ಕಣ್ಣು ಹಾಯಿಸಿ. ಅನ್ನನಾಳದ ಮೇಲ್ಗಡೆ, ಬೆನ್ನುಮೂಳೆಯ ಎಡಕ್ಕೊಂದು ಬಲಕ್ಕೊಂದು ಮೆತ್ತನೆಯ ಕಡುಗೆಂಪು ಹಾಲೆಗಳು ಕಾಣುತ್ತವೆ. ನೋಡುವವರು ಹೆಪ್ಪುಗಟ್ಟಿದ ರಕ್ತವೆಂದೇ ತಿಳಿಯುವುದು. ಮೀನು ತೊಳೆಯುವಾಗ ಉಜ್ಜಿ ಎಸೆಯುವುದೂ ಅದಕ್ಕೇ. ಚಿಮಟಿಯಲ್ಲಿ ಹಿಡಿದರೆ ರಕ್ತದ ಹೆಪ್ಪು ಜಾರಿ ಚೂರಾಗುತ್ತದೆ, ಹೆಡ್ ಕಿಡ್ನಿಗೆ ತೆಳ್ಳನೆಯ ಪೊರೆ ಇರುವುದರಿಂದ ಇಡಿಯಾಗಿ ಎದ್ದುಬರುತ್ತದೆ.

ತೆಗೆದದ್ದನ್ನು ಐಸಿನ ಮೇಲಿಟ್ಟ 5 ಮಿ.ಲೀ. ಸಲೈನಿಗೆ ಹಾಕಿ. ರಕ್ತ ಹೆಪ್ಪುಗಟ್ಟದಂತೆ ಆ ಸಲೈನಿಗೆ ಮಿ.ಲೀ.ಗೆ 10 ಯೂನಿಟ್ ಹೆಪಾರಿನ್ ಬೆರೆತಿರಲಿ. ಇಡಿಟಿಎ ಬಳಸುವ ರೂಢಿ ಲ್ಯಾಬುಗಳಲ್ಲಿದೆ, ಇಲ್ಲಿ ಅದು ಸಲ್ಲದು. ಇಡಿಟಿಎ ಕ್ಯಾಲ್ಸಿಯಂ, ಮೆಗ್ನೀಸಿಯಂ ಕಟ್ಟಿಹಾಕುತ್ತದೆ. ಅವಿಲ್ಲದೆ ಕಾಂಪ್ಲಿಮೆಂಟ್ ನಡೆಯುವುದಿಲ್ಲ, ಕೋಶ ಗಾಜಿಗೂ ಸರಿಯಾಗಿ ಅಂಟುವುದಿಲ್ಲ. ಗುಲ್ಮವನ್ನೂ, ಕರುಳಿನ ಪಕ್ಕದ ಕಡುಗೆಂಪು ಪಟ್ಟಿ ಅದು, ಇನ್ನೊಂದು ಟ್ಯೂಬಿನಲ್ಲಿ ತೆಗೆದಿಡಿ. ಕೊನೆಯ ಹಂತಕ್ಕೆ ಬೇಕು.

ಅಂಗಡಿಯಿಂದ ಲ್ಯಾಬಿಗೆ ಥರ್ಮೋಸ್ ಫ್ಲಾಸ್ಕಿನ ಐಸಿನಲ್ಲೇ ಒಯ್ಯಿರಿ. ಬೈಕಿನ ಡಿಕ್ಕಿಯಲ್ಲಿಟ್ಟು ಬಿಸಿಲಲ್ಲಿ ತಂದರೆ ಪ್ರಯೋಗ ಅಲ್ಲಿಗೇ ಮುಗಿದಂತೆ.

ಹಂತ 4: ಕೋಶಗಳನ್ನು ಗಾಜಿಗೆ ಅಂಟಿಸುವುದು

ಅಂಗಾಂಶವನ್ನು ಸಣ್ಣ ಕಣ್ಣಿನ ನೈಲಾನ್ ಬಟ್ಟೆಯ ಮೇಲಿಟ್ಟು ಸಿರಿಂಜಿನ ಹಿಂಗೋಲಿನಿಂದ ಮೆಲ್ಲಗೆ ಒತ್ತಿ, ತಣ್ಣನೆಯ ಸಲೈನ್ ಹಾಯಿಸಿ. 1000ದಿಂದ 1500 ಆರ್‌ಪಿಎಂ ವೇಗದಲ್ಲಿ ಹತ್ತು ನಿಮಿಷ ತಿರುಗಿಸಿ, ಮೇಲಿನ ನೀರು ಚೆಲ್ಲಿ, ಮತ್ತೆ ಸಲೈನಿನಲ್ಲಿ ಕದಡಿ. ಎರಡು ಸಲ ತೊಳೆದರೆ ಹೆಪಾರಿನ್ ಹೋಗುತ್ತದೆ.

ಈಗ ಟ್ಯೂಬಿನಲ್ಲಿರುವುದು ಬಹುಪಾಲು ಕೆಂಪು ರಕ್ತಕಣ. ಮೀನಿನ ಕೆಂಪು ರಕ್ತಕಣಕ್ಕೂ ಕೋಶಕೇಂದ್ರ ಇರುವುದರಿಂದ ಹೊಸಬರು ಅದನ್ನೇ ಬಿಳಿಯ ಕೋಶವೆಂದು ಎಣಿಸಿಬಿಡುತ್ತಾರೆ. ಸಂಶೋಧನಾ ಲ್ಯಾಬುಗಳಲ್ಲಿ ಪರ್ಕಾಲ್ ದ್ರಾವಣದ ಪದರಗಳ ಮೇಲೆ ತಿರುಗಿಸಿ ಬೇರ್ಪಡಿಸುತ್ತಾರೆ. ನಮಗೆ ಆ ಖರ್ಚು ಬೇಡ. ಭಕ್ಷಕ ಕೋಶಗಳು ಗಾಜಿಗೆ ಅಂಟುತ್ತವೆ, ಕೆಂಪು ಕಣ ಅಂಟುವುದಿಲ್ಲ. ಉಂಗುರದೊಳಗೆ 200 ಮೈಕ್ರೋಲೀಟರ್ ಹನಿ ಹಾಕಿ, ಒದ್ದೆ ಫಿಲ್ಟರ್ ಪೇಪರ್ ಹಾಸಿದ ಪೆಟ್ರಿ ತಟ್ಟೆಯಲ್ಲಿ ಮುಚ್ಚಿ, 25ರಿಂದ 28 ಡಿಗ್ರಿಯಲ್ಲಿ ಒಂದು ಗಂಟೆ ಬಿಡಿ. ಆಮೇಲೆ ಅದೇ ಉಷ್ಣತೆಯ ಸಲೈನನ್ನು ಸ್ಲೈಡಿನ ಅಂಚಿನಿಂದ ಹರಿಸಿ. ಕೆಂಪು ಬಣ್ಣ ತೊಳೆದುಹೋಗಿ, ಗಾಜಿನ ಮೇಲೆ ಕಂಡೂ ಕಾಣದ ಮಸುಕು ಉಳಿಯುತ್ತದೆ. ಆ ಮಸುಕೇ ನಮ್ಮ ಕೋಶಗಳು.

ಉಷ್ಣತೆಯ ವಿಷಯದಲ್ಲಿ ದಾವಣಗೆರೆಯವರು ವಿಶೇಷ ಎಚ್ಚರ ವಹಿಸಬೇಕು. ಏಪ್ರಿಲ್, ಮೇ ಮಧ್ಯಾಹ್ನ ನಮ್ಮ ಲ್ಯಾಬಿನ ಕಲ್ಲಿನ ಮೇಜೇ ಕಾದಿರುತ್ತದೆ. ಮೀನಿನ ಕೋಶಕ್ಕೆ ನಮ್ಮ ಮೈಯ 37 ಡಿಗ್ರಿ ಹೆಚ್ಚಾಯಿತು. ಬೇಸಿಗೆಯಲ್ಲಿ ಬೆಳಗ್ಗೆ ಏಳಕ್ಕೇ ಶುರು ಮಾಡಿ, ಇಲ್ಲವೇ ಪೆಟ್ರಿ ತಟ್ಟೆಯನ್ನು ಮಣ್ಣಿನ ಮಡಕೆಯ ನೀರು ತುಂಬಿದ ಟ್ರೇಯಲ್ಲಿ ತೇಲಿಬಿಟ್ಟು ಥರ್ಮಾಮೀಟರ್ ಇಡಿ. ಕರೆಂಟು ಹೋದರೂ ಈ ಉಪಾಯ ಕೈಬಿಡುವುದಿಲ್ಲ.

ಹಂತ 5: ಯೀಸ್ಟ್ ಉಣಿಸುವುದು

ಕೋಶ ಅಂಟುವ ಆ ಒಂದು ಗಂಟೆಯಲ್ಲಿ ಸೀರಂ ತಯಾರಾಗಿರುತ್ತದೆ. ಒಂದು ಪಾಲು ಸೀರಂ, ನಾಲ್ಕು ಪಾಲು ಯೀಸ್ಟ್ ದ್ರಾವಣ ಬೆರೆಸಿ ಅರ್ಧ ಗಂಟೆ ಇಟ್ಟು, ತೊಳೆಯಿರಿ. ಇದು ಗುರುತು ಹಾಕಿಸಿಕೊಂಡ ಯೀಸ್ಟ್.

ಈಗ ನಾಲ್ಕು ಬಗೆಯ ಸ್ಲೈಡು ಮಾಡಿ. ಮೊದಲನೆಯದಕ್ಕೆ ಸೀರಂ ಕಂಡ ಯೀಸ್ಟ್. ಎರಡನೆಯದಕ್ಕೆ ಸೀರಂ ಕಾಣದ ಯೀಸ್ಟ್. ಮೂರನೆಯದಕ್ಕೆ 50 ಡಿಗ್ರಿಯಲ್ಲಿ 20 ನಿಮಿಷ ಕಾಯಿಸಿದ ಸೀರಂನಲ್ಲಿಟ್ಟ ಯೀಸ್ಟ್. ಆ ಶಾಖಕ್ಕೆ ಕಾಂಪ್ಲಿಮೆಂಟ್ ಕೆಡುತ್ತದೆ, ಪ್ರತಿಕಾಯ ಉಳಿಯುತ್ತದೆ. ನಾಲ್ಕನೆಯದು ಮೊದಲನೆಯದರಂತೆಯೇ, ಆದರೆ ಐಸಿನ ಮೇಲೆ. ತಣ್ಣಗಿರುವಾಗ ಯೀಸ್ಟ್ ಕೋಶಕ್ಕೆ ಅಂಟೀತು, ಒಳಗೆ ಹೋಗುವುದು ಬಹುತೇಕ ನಿಲ್ಲುತ್ತದೆ. ಈ ನಾಲ್ಕನೆಯ ಸ್ಲೈಡಿಗೆ ಸಮಯವಿಲ್ಲವೆಂದು ಬಿಡುವವರೇ ಹೆಚ್ಚು. ನನ್ನ ಮಟ್ಟಿಗೆ ಅದೇ ಎಲ್ಲಕ್ಕಿಂತ ಮುಖ್ಯ.

ಒಂದು ಕೋಶಕ್ಕೆ ಐದರಿಂದ ಹತ್ತು ಯೀಸ್ಟ್ ಬರುವಂತೆ ಹಾಕಿ, 45 ನಿಮಿಷ ಬಿಡಿ. ಆಮೇಲೆ ಮೆಲ್ಲಗೆ ತೊಳೆಯಿರಿ.

ಹಂತ 6: ಒಳಗೋ ಹೊರಗೋ

ಯೀಸ್ಟನ್ನು ಕುದಿಸಿ ಸಾಯಿಸಿದ್ದರ ಫಲ ಈಗ ಸಿಗುತ್ತದೆ. 0.4 ಶೇಕಡಾ ಟ್ರಿಪಾನ್ ಬ್ಲೂ ಒಂದು ಹನಿ ಹಾಕಿ, ಕವರ್ ಸ್ಲಿಪ್ ಮುಚ್ಚಿ, ಐದು ನಿಮಿಷದೊಳಗೆ ನೋಡಲು ಕೂರಿ. ಸತ್ತ ಯೀಸ್ಟ್ ಈ ಬಣ್ಣ ಹೀರಿ ಕಡುನೀಲಿಯಾಗುತ್ತದೆ. ಬದುಕಿರುವ ಕೋಶದ ಪೊರೆ ಮಾತ್ರ ಬಣ್ಣವನ್ನು ಒಳಗೆ ಬಿಡುವುದಿಲ್ಲ. ಹೀಗಾಗಿ ನುಂಗಲ್ಪಟ್ಟ ಯೀಸ್ಟ್ ಬಣ್ಣವಿಲ್ಲದೆ ಹೊಳೆಯುತ್ತದೆ, ಹೊರಗೆ ಅಂಟಿದ್ದು ನೀಲಿಯಾಗಿ ಕಾಣುತ್ತದೆ. ಕೋಶವೇ ಇಡಿಯಾಗಿ ನೀಲಿಯಾಗಿದ್ದರೆ ಅದು ಸತ್ತ ಕೋಶ, ಲೆಕ್ಕಕ್ಕೆ ಬೇಡ.

ನಲವತ್ತರ ಲೆನ್ಸಿನಲ್ಲಿ ಒಂದು ಮ್ಯಾಕ್ರೋಫೇಜನ್ನು ಹುಡುಕಿ ಅದರ ಮೇಲೇ ನಿಲ್ಲಿ. ಅಂಚು ಸಮವಾಗಿರುವುದಿಲ್ಲ, ಅಲ್ಲಲ್ಲಿ ತೆಳ್ಳಗೆ ಚಾಚಿರುತ್ತದೆ. ಒಳಗೆ ದುಂಡನೆಯ ಯೀಸ್ಟ್, ಸುಮಾರು 5 ಮೈಕ್ರಾನಿನದು, ಅದರ ಸುತ್ತ ಸಣ್ಣದೊಂದು ತಿಳಿಯಾದ ಅಂತರ. ಅದೇ ಗುಳ್ಳೆಯ ಒಳಜಾಗ. ಸೂಕ್ಷ್ಮ ಹೊಂದಾಣಿಕೆಯ ತಿರುಪನ್ನು ಸ್ವಲ್ಪ ಸ್ವಲ್ಪವೇ ಆಡಿಸಿ: ಯೀಸ್ಟ್ ಮತ್ತು ಕೋಶಕೇಂದ್ರ ಒಂದೇ ಮಟ್ಟದಲ್ಲಿ ಸ್ಪಷ್ಟವಾದರೆ ಅದು ಒಳಗಿದೆ. ಕೋಶ ಮಸುಕಾಗಿ ಯೀಸ್ಟ್ ಮಾತ್ರ ಸ್ಪಷ್ಟವಾದರೆ ಮೇಲೆ ಕೂತಿದೆ. ಕೆಲವು ಕಡೆ ಅರ್ಧ ನುಂಗಿದ ಸ್ಥಿತಿಯೂ ಸಿಗುತ್ತದೆ, ಕೋಶದ ಅಂಚು ಯೀಸ್ಟಿನ ಎರಡೂ ಕಡೆಯಿಂದ ಮೇಲೇರಿರುತ್ತದೆ. ಅದು ಸಿಕ್ಕರೆ ಇಡೀ ತರಗತಿಯನ್ನು ಕರೆದು ತೋರಿಸಿ.

ಕಾಯಂ ಸ್ಲೈಡು ಬೇಕಿದ್ದರೆ ಇನ್ನೊಂದು ಜೊತೆಯನ್ನು ಮೆಥನಾಲಿನಲ್ಲಿ ಐದು ನಿಮಿಷ ಸ್ಥಿರಗೊಳಿಸಿ ಗೀಮ್ಸಾ ಬಣ್ಣ ಹಾಕಿ. ಅದರಲ್ಲಿ ಕೋಶದ ಜಾತಿ ಚೆನ್ನಾಗಿ ತಿಳಿಯುತ್ತದೆ, ಒಳ-ಹೊರ ತಿಳಿಯುವುದು ಕಷ್ಟ.

ಹಂತ 7: ಎಣಿಕೆ

ಪ್ರತಿ ಸ್ಲೈಡಿನಲ್ಲಿ ಕನಿಷ್ಠ 100 ಬದುಕಿರುವ ಭಕ್ಷಕ ಕೋಶ ಎಣಿಸಿ. ಎರಡು ಸಂಖ್ಯೆ ಬೇಕು. ನೂರರಲ್ಲಿ ಎಷ್ಟು ಕೋಶ ನುಂಗಿವೆ ಎಂಬುದು ಒಂದು. ನುಂಗಿದ ಕೋಶಕ್ಕೆ ಸರಾಸರಿ ಎಷ್ಟು ಯೀಸ್ಟ್ ಎಂಬುದು ಇನ್ನೊಂದು. ಉದಾಹರಣೆಗೆ 100 ಕೋಶದಲ್ಲಿ 40 ನುಂಗಿದ್ದು, ಅವುಗಳೊಳಗೆ ಒಟ್ಟು 90 ಯೀಸ್ಟ್ ಇದ್ದರೆ, ನುಂಗುವಿಕೆ 40 ಶೇಕಡಾ, ಸೂಚ್ಯಂಕ 2.25. ಸೂಚ್ಯಂಕ ಎಂಬ ಹೆಸರಿನಲ್ಲಿ ಬೇರೆ ಬೇರೆಯವರು ಬೇರೆ ಬೇರೆ ಲೆಕ್ಕ ಕೊಡುತ್ತಾರೆ. ಹಾಗಾಗಿ ರೆಕಾರ್ಡಿನಲ್ಲಿ ಲೆಕ್ಕದ ರೀತಿಯನ್ನೂ ಬರೆಯಿರಿ. ಎಣಿಸುವವರಿಗೆ ಯಾವ ಸ್ಲೈಡು ಯಾವುದೆಂದು ಗೊತ್ತಿರಬಾರದು. ಸ್ನೇಹಿತರಿಂದ ಅಂಕೆ ಬರೆಸಿ ಕಲಸಿಬಿಡಿ.

ಐಸಿನ ಸ್ಲೈಡಿನಲ್ಲೂ ಮೊದಲನೆಯದರಷ್ಟೇ ಸಂಖ್ಯೆ ಬಂದರೆ ನೀವು ಎಣಿಸಿದ್ದು ಅಂಟಿದ್ದನ್ನು.

ಕೊಲ್ಲುವ ಕೆಲಸವೂ ನಡೆದಿದೆಯೇ ನೋಡಬೇಕಿದ್ದರೆ ಎನ್‌ಬಿಟಿ (ನೈಟ್ರೋಬ್ಲೂ ಟೆಟ್ರಜೋಲಿಯಂ) ಎಂಬ ಹಳದಿ ಬಣ್ಣದ 0.2 ಶೇಕಡಾ ದ್ರಾವಣ ಹಾಕಿ ಅರ್ಧ ಗಂಟೆ ಬಿಡಿ. ಸೂಪರ್‌ಆಕ್ಸೈಡ್ ಇರುವಲ್ಲಿ ಅದು ಕಪ್ಪುನೀಲಿ ಕಣಗಳಾಗಿ ನೆಲೆಯೂರುತ್ತದೆ.

ಫಲಿತಾಂಶ ಏಕೆ ಏರುಪೇರಾಗುತ್ತದೆ

ಬಲೆಯಲ್ಲಿ ಒದ್ದಾಡಿ, ಡ್ರಮ್ಮಿನಲ್ಲಿ ದೂರ ಸಾಗಿ ಬಂದ ಮೀನಿನ ರಕ್ತದಲ್ಲಿ ಕಾರ್ಟಿಸೋಲ್ ಎಂಬ ಒತ್ತಡದ ಹಾರ್ಮೋನು ಏರಿರುತ್ತದೆ. ಅದು ನುಂಗುವ ಶಕ್ತಿಯನ್ನು ಕುಗ್ಗಿಸುತ್ತದೆ. ನೀರಿನಲ್ಲಿ ಆಮ್ಲಜನಕ ಇಳಿದರೂ ಅಮೋನಿಯಾ ಏರಿದರೂ ಅದೇ ಕಥೆ. ಮೀನು ಸಾಕುವ ರೈತರ ಮಕ್ಕಳಿಗೆ ಇದು ಒಳ್ಳೆಯ ಪ್ರಾಜೆಕ್ಟ್ ಆದೀತು: ಏರೇಟರ್ ಇರುವ ಹೊಂಡದ ಮೀನು, ಇಲ್ಲದ ಹೊಂಡದ ಮೀನು, ಒಂದೇ ಗಾತ್ರ, ಒಂದೇ ದಿನ, ಒಂದೇ ಬ್ಯಾಚಿನ ಯೀಸ್ಟ್. ಕಡಿಮೆಯೆಂದರೆ ಪ್ರತಿ ಹೊಂಡದಿಂದ ಐದು ಮೀನು ಬೇಕು. ಒಂದೊಂದೇ ಮೀನು ನೋಡಿ ಹೊಂಡದ ಬಗ್ಗೆ ತೀರ್ಪು ಕೊಡುವುದು ತಪ್ಪು.

ನ್ಯೂಟ್ರೋಫಿಲ್ ಮತ್ತು ಮ್ಯಾಕ್ರೋಫೇಜ್ ಒಂದೇ ರೀತಿ ಬೇಟೆಯಾಡುವುದಿಲ್ಲ ಎಂಬುದೂ ನೆನಪಿರಲಿ. ಪಾರದರ್ಶಕವಾದ ಜೀಬ್ರಾಮೀನಿನ ಮರಿಗಳಲ್ಲಿ ಮಾಡಿ 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ದ್ರವದಲ್ಲಿ ತೇಲುವ ಬ್ಯಾಕ್ಟೀರಿಯಾವನ್ನು ಮ್ಯಾಕ್ರೋಫೇಜ್ ಚೆನ್ನಾಗಿ ಹಿಡಿದರೆ, ಅಂಗಾಂಶದ ಮೇಲ್ಮೈಗೆ ಹತ್ತಿದ್ದನ್ನು ನ್ಯೂಟ್ರೋಫಿಲ್ ಬಾಚಿಕೊಂಡಿದ್ದು ಕಂಡುಬಂತು. ಇನ್ನೊಂದು ಅಚ್ಚರಿ: ಬಿ ಲಿಂಫೋಸೈಟುಗಳು ಪ್ರತಿಕಾಯ ತಯಾರಿಸಲಷ್ಟೇ ಇವೆಯೆಂದು ನಾವು ಪಾಠ ಮಾಡುತ್ತಿದ್ದೆವು. ಟ್ರೌಟ್ ಮೀನಿನಲ್ಲಿ ಅವೂ ಕಣ ನುಂಗುತ್ತವೆ ಎಂದು 2006ರಲ್ಲಿ ತಿಳಿಯಿತು. ನಿಮ್ಮ ಸ್ಲೈಡಿನಲ್ಲಿ ದುಂಡನೆಯ ಚಿಕ್ಕ ಕೋಶವೊಂದು ಯೀಸ್ಟ್ ನುಂಗಿದ್ದು ಕಂಡರೆ ಅದನ್ನು ಅಳಿಸಬೇಡಿ, ಬರೆದಿಡಿ.

ನುಂಗಲಾಗದಷ್ಟು ದೊಡ್ಡದಿದ್ದರೆ? 1988ರಲ್ಲಿ ಭಾರತಕ್ಕೆ ಕಾಲಿಟ್ಟ ಹುಣ್ಣು ರೋಗದಲ್ಲಿ ಅಫನೋಮೈಸಿಸ್ ಎಂಬ ಬೂಷ್ಟಿನಂಥ ಜೀವಿಯ ಎಳೆಗಳು ಮಾಂಸಖಂಡದೊಳಗೆ ಹೊಕ್ಕುತ್ತವೆ. ಒಂದು ಕೋಶಕ್ಕೆ ಅದು ತುತ್ತಾಗದು. ಆಗ ಮ್ಯಾಕ್ರೋಫೇಜ್‌ಗಳು ಪದರ ಪದರವಾಗಿ ಎಳೆಯನ್ನು ಸುತ್ತಿ ಗಂಟು ಕಟ್ಟುತ್ತವೆ. ಸಾಮಾನ್ಯ ಗೆಂಡೆ ಈ ರೋಗವನ್ನು ತಕ್ಕಮಟ್ಟಿಗೆ ತಡೆದುಕೊಳ್ಳುತ್ತದೆ, ಕೊರವ ಮೀನು ಬೇಗ ಸೋಲುತ್ತದೆ.

ಹಂತ 8: ಗುಲ್ಮದಲ್ಲಿ ಉಳಿದ ಕುರುಹು

ನುಂಗಿದ್ದೆಲ್ಲ ಕರಗಿ ಮಾಯವಾಗುವುದಿಲ್ಲ. ಕರಗದ್ದನ್ನು ಹೊತ್ತ ಮ್ಯಾಕ್ರೋಫೇಜ್‌ಗಳು ಗುಲ್ಮ, ಮೂತ್ರಪಿಂಡದಲ್ಲಿ ಒಟ್ಟುಗೂಡುತ್ತವೆ. ಇವಕ್ಕೆ ಮೆಲನೋಮ್ಯಾಕ್ರೋಫೇಜ್ ಕೇಂದ್ರಗಳೆಂದು ಹೆಸರು. ತೆಗೆದಿಟ್ಟ ಗುಲ್ಮದಿಂದ ಸಾಸಿವೆ ಗಾತ್ರದ ಚೂರು ಕತ್ತರಿಸಿ, ಎರಡು ಸ್ಲೈಡುಗಳ ನಡುವೆ ಒತ್ತಿ, ಬಣ್ಣ ಹಾಕದೆ ಹತ್ತರ ಲೆನ್ಸಿನಲ್ಲಿ ನೋಡಿ. ಕೆಂಪು ಹಿನ್ನೆಲೆಯಲ್ಲಿ ಹಳದಿ, ಕಂದು, ಕಪ್ಪು ಚುಕ್ಕೆಗಳ ಗುಂಪು ಕಾಣುತ್ತವೆ. ಕಪ್ಪಗಿರುವುದು ಮೆಲನಿನ್ ಎಂಬ ವರ್ಣಕ, ಹಳದಿಗಂದು ಇರುವುದು ಕರಗದ ಕೊಬ್ಬಿನ ಶೇಷವಾದ ಲಿಪೋಫ್ಯೂಸಿನ್. ಸತ್ತ ಕೆಂಪು ಕಣದ ಕಬ್ಬಿಣ ಹೀಮೋಸಿಡರಿನ್ ಆಗಿ ಉಳಿದಿರುತ್ತದೆ. ವಯಸ್ಸು, ಉಪವಾಸ, ಕಲುಷಿತ ನೀರು ಮೂರರಿಂದಲೂ ಇವು ಹೆಚ್ಚುತ್ತವೆ. ಆದ್ದರಿಂದ ಎಣಿಸಿ ಹೋಲಿಸುವುದಾದರೆ ಮೀನಿನ ಉದ್ದ, ತೂಕ, ಅದು ಬಂದ ಕೆರೆಯ ಹೆಸರು, ಹಿಡಿದ ತಿಂಗಳು ನಾಲ್ಕನ್ನೂ ಪಕ್ಕದಲ್ಲೇ ಬರೆದಿರಬೇಕು.

ಕೆಲಸದುದ್ದಕ್ಕೂ ಗ್ಲೌಸ್ ಇರಲಿ. ಮೀನಿನ ಮೈಯಲ್ಲಿರುವ ಏರೋಮೊನಾಸ್ ಬ್ಯಾಕ್ಟೀರಿಯಾ ಕೈಯ ಗಾಯಕ್ಕೂ ಇಳಿಯುತ್ತದೆ. ಬಳಸಿದ ಸ್ಲೈಡು, ಟ್ಯೂಬುಗಳನ್ನು ಬ್ಲೀಚ್ ನೀರಿನಲ್ಲಿ ಅರ್ಧ ಗಂಟೆ ಮುಳುಗಿಸಿ ತೊಳೆಯಿರಿ. ಟ್ರಿಪಾನ್ ಬ್ಲೂ, ಎನ್‌ಬಿಟಿ ಉಳಿದದ್ದನ್ನು ಸಿಂಕಿಗೆ ಸುರಿಯದೆ ಲ್ಯಾಬಿನ ರಾಸಾಯನಿಕ ತ್ಯಾಜ್ಯದ ಬಾಟಲಿಗೆ ಹಾಕಿ. ಲ್ಯಾಬಿಗೆ ತಂದ ಅಂಗಾಂಶವನ್ನು ನಾಯಿ ಬೆಕ್ಕಿಗೆ ಸಿಗದಂತೆ ಹೂಳಿ.